ರೇಡಿಯೋ ಹಾಕುತ್ತಿದ್ದ ಅಕ್ಕಯ್ಯ

ಅಕ್ಕಯ್ಯ ತೀರಿಕೊಂಡರೆಂದು ನನಗೆ ಇಬ್ಬರು ಹೇಳಿದರು. ಹುಣಸೂರಿನ ಸಂತೆಯಲ್ಲಿ ಸಿಕ್ಕ ಹಳೆಯ ಪರಿಚಯದವರೊಬ್ಬರು ಹೋದ ಸುಗ್ಗಿಯಲ್ಲಿ ಎಂದರು. ಅವರದೇ ಊರಿನ ಇನ್ನೊಬ್ಬರು, ಅದಾಗಿ ಮೂರು ವರ್ಷವಾಯಿತಲ್ಲ, ನಿಮಗೆ ಗೊತ್ತೇ ಇಲ್ಲವೇ ಎಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಯಾವುದು ನಿಜವೆಂದು ವಿಚಾರಿಸಲು ನಾನು ಹೋಗಲಿಲ್ಲ. ಅವರ ವಿಷಯದಲ್ಲಿ ನನಗೆ ಯಾವುದು ತಾನೇ ಒಂದೇ ಸಲಕ್ಕೆ ಸರಿಯಾಗಿ ತಿಳಿದಿತ್ತು?

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಪಿರಿಯಾಪಟ್ಟಣದವನಾದ ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಊರಿಗೆ ಪಂಚಾಯ್ತಿ ಸೆಕ್ರೆಟರಿಯಾಗಿ ಹೋದೆ. ಹಂಪಾಪುರದಲ್ಲಿ ಬಸ್ಸಿಳಿದು ಎತ್ತಿನ ಗಾಡಿಯಲ್ಲಿ ಒಂದು ಗಂಟೆ ಹೋದರೆ ಆ ಊರು. ಊರು ದಾಟಿದರೆ ಕಾಡಂಚು, ಅಲ್ಲೊಂದು ಹಾಡಿ, ಕಾಡಿನ ಜನರ ಗುಡಿಸಲುಗಳ ಗುಂಪು. ಪಂಚಾಯ್ತಿ ಕಚೇರಿ ಎಂದರೆ ಒಂದು ಕೋಣೆ, ಅದರ ಮುಂದೆ ಉದ್ದನೆಯ ಜಗಲಿ. ಕರೆಂಟು ಇನ್ನೂ ಬಂದಿರಲಿಲ್ಲ. ನನಗೆ ಇಪ್ಪತ್ತಮೂರು ವರ್ಷ, ಮೊದಲ ಕೆಲಸ.

ಕಚೇರಿಯ ಕಸ ಗುಡಿಸಿ, ಕೊಡದಲ್ಲಿ ನೀರು ತುಂಬಿ, ಸಂಜೆ ಲಾಟೀನು ಹಚ್ಚಿಡುವ ಕೆಲಸ ಅಕ್ಕಯ್ಯನದು. ಕಚೇರಿಯ ಹಿಂದುಗಡೆ ಗೋಡೆಗೆ ಒರಗಿಸಿ ಕಟ್ಟಿದ ಒಂದು ಮಾಡಿನಲ್ಲಿ ಅವರ ವಾಸ. ಚುಂಚನಕಟ್ಟೆ ಕಡೆಯವರು ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು. ಕಾವೇರಿ ದಡದಿಂದ ಈ ಕಾಡಂಚಿಗೆ ಹೇಗೆ ಬಂದರು ಎಂದರೆ ಒಬ್ಬೊಬ್ಬರದು ಒಂದೊಂದು ಮಾತು. ಮದುವೆಯಾಗಿ ಬಂದರು, ಗಂಡ ಬಿಟ್ಟುಹೋದ ಎಂದು ಕೆಲವರು. ರಸ್ತೆ ಕೆಲಸಕ್ಕೆ ಬಂದ ಗುಂಪಿನ ಜೊತೆ ಬಂದು ಇಲ್ಲೇ ಉಳಿದರು ಎಂದು ಕೆಲವರು. ಅವರನ್ನೇ ಕೇಳಿದರೆ, "ಅಂಗೂ ಅಂತಾರೆ, ಇಂಗೂ ಅಂತಾರೆ" ಎಂದು ನಕ್ಕು ಪೊರಕೆ ಎತ್ತಿಕೊಳ್ಳುತ್ತಿದ್ದರು, ಅದು ಬೇರೆ ಯಾರದೋ ಸಂಗತಿ ಎನ್ನುವ ಹಾಗೆ.

ಎತ್ತರದ ಹೆಂಗಸು, ತೆಳ್ಳಗೆ. ಎಡಗೈಯನ್ನು ಸದಾ ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಆ ಕೈಗೆ ಹೆಬ್ಬೆರಳಿರಲಿಲ್ಲ. ಬುಡದ ಉಬ್ಬೂ ಇಲ್ಲದೆ, ಮಣಿಕಟ್ಟಿನಿಂದ ನಾಲ್ಕು ಬೆರಳುಗಳು ನೇರವಾಗಿ ಹೊರಟು, ಅಂಗೈ ಒಂದು ಸಣ್ಣ ಹಲಗೆಯ ಹಾಗೆ ಚಪ್ಪಟೆಯಾಗಿತ್ತು. ಹೇಗಾಯಿತೆಂದು ನಾನು ಮೂರು ಸಲ ಕೇಳಿದ್ದೆ. ಮೊದಲ ಸಲ, ಕಬ್ಬಿನ ಆಲೆಗೆ ಸಿಕ್ಕಿತು ಎಂದರು. ಎರಡನೆಯ ಸಲ, ಉಗುರುಸುತ್ತಾಗಿ ಕೊಳೆತಿತ್ತು, ಊರಿನ ಪಂಡಿತ ಕೊಯ್ದ ಎಂದರು. ಮೂರನೆಯ ಸಲ, ಹುಟ್ಟುವಾಗಲೇ ಇರಲಿಲ್ಲ ಎಂದರು. ಗಾಯದ ಗುರುತು ಎದ್ದು ಕಾಣುತ್ತಿತ್ತು. ಸುಳ್ಳು ಹೇಳಿ ಅವರಿಗೇನೂ ಆಗಬೇಕಾಗಿರಲಿಲ್ಲ. ಕೇಳಿದವರ ಮುಖ ನೋಡಿ, ಇವರಿಗೆ ಇಷ್ಟು ಸಾಕು ಎಂದು ಒಂದು ಉತ್ತರ ಆರಿಸಿ ಕೊಡುತ್ತಿದ್ದರೋ ಏನೋ.

ಆ ಕೈಯಿಂದಾಗಿ ಮದುವೆ ಮನೆಗೆ ಅವರನ್ನು ಕರೆಯುತ್ತಿರಲಿಲ್ಲ. ಬೆಳಗ್ಗೆ ಎದುರಿಗೆ ಬಂದರೆ ಕೆಲವರು ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಆದರೆ ಮನೆಯ ಆಡು ಈಯಲಾರದೆ ಒದ್ದಾಡಿದಾಗ ಅದೇ ಮನೆಯವರು ಓಡಿ ಬರುತ್ತಿದ್ದರು. ಬೇರೆ ಯಾರ ಕೈಯೂ ಹೋಗದ ಕಡೆ ಆ ಕೈ ಹೋಗುತ್ತಿತ್ತು. ಒಳಗೆ ತಿರುಗಿ ಮಲಗಿದ ಮರಿಯನ್ನು ಸರಿಮಾಡಿ ಹೊರಗೆ ತರುತ್ತಿತ್ತು. ಒಂದು ಸಲ ನಾನೇ ನೋಡಿದ್ದೇನೆ. ಎರಡು ಮರಿ ಬದುಕಿದವು. ಮನೆಯಾಕೆ ದೂರದಿಂದಲೇ ಕೈ ತೊಳೆಯಲು ನೀರು ಹಾಕಿದಳು. ಅಕ್ಕಯ್ಯ ತೊಳೆದುಕೊಂಡು, ಕೈಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ನಡೆದರು. ಅವರಿಗೆ ಬೇಸರವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನನ್ನನ್ನು ಮೊದಲು ಸಾಮಿ ಎಂದು ಕರೆಯುತ್ತಿದ್ದರು. ಒಂದು ಸಲ ನನಗೆ ಜ್ವರ ಬಂದು ಕಚೇರಿಯಲ್ಲೇ ಮಲಗಿದ್ದಾಗ ನಾಲ್ಕು ದಿನ ಗಂಜಿ ಕಾಯಿಸಿ ಕೊಟ್ಟರು. ಐದನೆಯ ದಿನದಿಂದ ನಾನು ಅಪ್ಪ ಆದೆ. ನೀವು ಹೋಗಿ ನೀನು ಬಂತು. ನನಗೂ ಅದೇ ಹಿತವಾಗಿತ್ತು.

ನಾನು ಹೋದ ಮರುವರ್ಷ ಪಂಚಾಯ್ತಿಗೆ ರೇಡಿಯೋ ಬಂತು. ಊರವರೆಲ್ಲ ಕೂತು ಕೇಳಲೆಂದು ಸರ್ಕಾರದವರು ಕೊಟ್ಟದ್ದು, ಬ್ಯಾಟರಿಯದು, ಮೇಜಿನ ಮೇಲಿಡುವಂಥ ಸಣ್ಣ ಪೆಟ್ಟಿಗೆ. ಅದನ್ನು ತಂದ ಮೆಕ್ಯಾನಿಕ್ಕು ಒಂದು ಹಲಗೆಗೆ ಭದ್ರವಾಗಿ ಬಿಗಿದು, ಹಾಕಿ ತೋರಿಸಿ, ಆರಿಸಿ, ಜೀಪು ಹತ್ತಿ ಹೋದರು. ನಮ್ಮ ಚೇರ್ಮನ್ನರಿಗೆ ಕಳ್ಳರ ಭಯ. ಮಾರನೆಯ ದಿನವೇ ಗಾರೆಯವರನ್ನು ಕರೆಸಿ, ಜಗಲಿಯ ಮೂಲೆಯಲ್ಲಿ ರೇಡಿಯೋದ ಸುತ್ತ ಇಟ್ಟಿಗೆಯ ಗೂಡು ಕಟ್ಟಿಸಿದರು. ಮುಂದೆ ಕಬ್ಬಿಣದ ಸರಳಿನ ಸಣ್ಣ ಬಾಗಿಲು, ಅದಕ್ಕೆ ಬೀಗ. ಗಾರೆ ಒಣಗುವವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಗೂಡು ಚೆನ್ನಾಗಿಯೇ ಬಂತು.

ಮೂರನೆಯ ಸಂಜೆ ಊರೆಲ್ಲ ಸೇರಿತು. ಚೇರ್ಮನ್ನರು ಬೀಗ ತೆಗೆದು, ಮುಂದಿದ್ದ ಎರಡು ತಿರುಗಣೆಗಳನ್ನು ತಿರುಗಿಸಿದರು. ರೇಡಿಯೋ ಮಾತಾಡಲಿಲ್ಲ. ಸದ್ದು ಹೆಚ್ಚು ಕಡಿಮೆ ಮಾಡಲು ಒಂದು, ಸ್ಟೇಷನ್ನು ಬದಲಾಯಿಸಲು ಇನ್ನೊಂದು, ಅಷ್ಟೇ. ಹಾಕುವ ಗುಂಡಿ ಪೆಟ್ಟಿಗೆಯ ಹಿಂದುಗಡೆ, ಎಡಮೂಲೆಯಲ್ಲಿ, ತಳದ ಹತ್ತಿರ ಇತ್ತು. ಮೆಕ್ಯಾನಿಕ್ಕು ಹಾಕಿದ್ದನ್ನು ನಾವೆಲ್ಲ ನೋಡಿದ್ದೆವು, ಆದರೆ ಎಲ್ಲರ ಕಣ್ಣೂ ಪೆಟ್ಟಿಗೆಯ ಮುಖದ ಮೇಲೇ ಇದ್ದವು; ಅವರು ಹಿಂದೆ ಕೈ ಹಾಕಿದ್ದು ಒಬ್ಬ ಹುಡುಗನಿಗೆ ಮಾತ್ರ ನೆನಪಿತ್ತು. ಕಂಡಕಂಡವರು ಮುಟ್ಟದಿರಲೆಂದು ಗುಂಡಿಯನ್ನು ಹಿಂದೆ ಇಟ್ಟಿದ್ದರಂತೆ. ಮುಟ್ಟಬೇಕಾದವರು ಏನು ಮಾಡಬೇಕು ಎಂದು ಯಾರೂ ಯೋಚಿಸಿದಂತಿರಲಿಲ್ಲ.

ಪೆಟ್ಟಿಗೆಗೂ ಇಟ್ಟಿಗೆಗೂ ನಡುವೆ ಎರಡು ಬೆರಳಿನಷ್ಟು ಸಂದಿ. ಬಾಗಿಲು ಪೆಟ್ಟಿಗೆಗಿಂತ ಕಿರಿದು, ಅದನ್ನು ಹೊರಗೆಳೆಯುವ ಹಾಗಿಲ್ಲ. ಚೇರ್ಮನ್ನರ ಕೈ ಹೋಗಲಿಲ್ಲ. ನನ್ನದು ಹೆಬ್ಬೆರಳಿನ ಬುಡಕ್ಕೆ ಸಿಕ್ಕಿಕೊಂಡು ಚರ್ಮ ಕಿತ್ತುಬಂತು. ಮಕ್ಕಳ ಕೈ ಸಂದಿಗೆ ಹೋಗುತ್ತಿತ್ತು, ಆದರೆ ಗುಂಡಿಯವರೆಗೆ ನಿಲುಕುತ್ತಿರಲಿಲ್ಲ. ಕಡ್ಡಿ ಹಾಕಿ ನೋಡಿದೆವು. ಆ ಗುಂಡಿಯನ್ನು ಹೊರಗೆ ಎಳೆದರೆ ರೇಡಿಯೋ ಹತ್ತುತ್ತದೆ, ಒಳಗೆ ಒತ್ತಿದರೆ ಆರುತ್ತದೆ. ಕಡ್ಡಿಯಿಂದ ಒತ್ತಬಹುದಿತ್ತು, ಎಳೆಯುವುದು ಹೇಗೆ? ಗೂಡು ಒಡೆಸಿ ಎಂದು ಸ್ಕೂಲಿನ ಮೇಷ್ಟರು ಮೆತ್ತಗೆ ಹೇಳಿದರು. ಚೇರ್ಮನ್ನರು ಕೇಳಿಸಿಕೊಳ್ಳಲಿಲ್ಲ.

ಆಗ ಜಗಲಿಯ ತುದಿಯಲ್ಲಿ ನಿಂತಿದ್ದ ಅಕ್ಕಯ್ಯ ಮುಂದೆ ಬಂದು, ನಾನೊಂದು ಸಲ ನೋಡಲೇ ಎಂದು ಕೇಳಿದರು. ಯಾರೂ ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವರು ಎಡಗೈಯನ್ನು ಸೆರಗಿನಿಂದ ತೆಗೆದು ಸಂದಿಯೊಳಕ್ಕೆ ತೂರಿಸಿದರು. ಕೈ ಮೊಣಕೈಯವರೆಗೆ ಹೋಯಿತು. ಕಣ್ಣು ಮುಚ್ಚಿಕೊಂಡು ಒಳಗೆ ಹುಡುಕಾಡಿದರು. ಟಕ್ ಎಂದಿತು. ರೇಡಿಯೋದಿಂದ ಯಾರೋ ರಾಗಿಯ ಬಿತ್ತನೆಯ ವಿಷಯ ಹೇಳತೊಡಗಿದರು.

ಅಂದಿನಿಂದ ಆ ಊರಿನಲ್ಲಿ ಅಕ್ಕಯ್ಯನಿಲ್ಲದೆ ರೇಡಿಯೋ ಇಲ್ಲ. ಪ್ರತಿ ಸಂಜೆ ಬಂದು, ಕೈ ತೂರಿಸಿ, ಗುಂಡಿ ಎಳೆದು, ಹಿಂದಿನ ಮಾಡಿಗೆ ಹೋಗಿಬಿಡುತ್ತಿದ್ದರು. ಆರಿಸುವುದು ನನ್ನ ಕೆಲಸ, ಬಿದಿರುಕಡ್ಡಿಯಿಂದ ಒತ್ತಿದರಾಯಿತು. ಆರಿಸದಿದ್ದರೆ ಮುಂದುಗಡೆ ಇಟ್ಟಿದ್ದ ಬ್ಯಾಟರಿ ತೀರಿಹೋಗುತ್ತಿತ್ತು. ಹೊಸದು ಬರುವುದು ಇಲಾಖೆಯವರಿಗೆ ನೆನಪಾದಾಗ.

ಎದುರು ಬಂದರೆ ನಿಲ್ಲುತ್ತಿದ್ದವರು ಈಗ, ಇವತ್ತು ಬೇಗ ಹಾಕಕ್ಕಯ್ಯ ಎಂದು ಮಾತಾಡಿಸುತ್ತಿದ್ದರು. ಒಂದು ಮದುವೆಗೂ ಕರೆದರು. ಹೋದರೆಂದು ಕೆಲವರು ಹೇಳಿದರು, ಹೋಗಲಿಲ್ಲವೆಂದು ಅಕ್ಕಯ್ಯ ಹೇಳಿದರು. ರೇಡಿಯೋ ಕೇಳಲು ಅವರು ಕೂತದ್ದನ್ನು ನಾನು ನೋಡಲಿಲ್ಲ. ಆದರೂ ಅದರಲ್ಲಿ ಬಂದದ್ದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ನಾಳೆ ಮಳೆಯಾಗುತ್ತದೆ ಎಂದು ರೇಡಿಯೋ ಹೇಳಿದ ಮಾರನೆಯ ದಿನ ಅಂಗಳದಲ್ಲಿ ಸೌದೆ ಹರಡುತ್ತಿದ್ದರು. ಯಾಕೆ ಎಂದರೆ, "ಅದು ಮೈಸೂರ್ನೋರಿಗೆ ಯೋಳಿದ್ದು ಕಣಪ್ಪ" ಎಂದರು. ಮಳೆ ಬರಲೂ ಇಲ್ಲ.

ಸುಮಾರು ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ದಿನ ಮೈಸೂರಿನಿಂದ ರೇಡಿಯೋದವರು ಟೇಪು ಮಾಡುವ ಯಂತ್ರದೊಂದಿಗೆ ನಮ್ಮ ಊರಿಗೆ ಬಂದರು. ಹೊಸ ತಳಿಯ ಭತ್ತ ಬೆಳೆದ ಬಗೆಯನ್ನು ಚೇರ್ಮನ್ನರಿಂದ ಹೇಳಿಸಿ ಟೇಪು ಮಾಡಿಕೊಂಡರು. ಹೋಗುವಾಗ ಹಾಡಿಯ ಹತ್ತಿರ ಜೀಪು ನಿಲ್ಲಿಸಿ, ಅಲ್ಲಿನ ಹೆಂಗಸರ ಹಾಡನ್ನೂ ಹಿಡಿದುಕೊಂಡು ಹೋದರು. ಎರಡೂ ಒಂದೇ ಕಾರ್ಯಕ್ರಮದಲ್ಲಿ ಬರುತ್ತವೆ, ದಿನ ಗೊತ್ತಾದಮೇಲೆ ಕಾಗದ ಬರೆಯುತ್ತೇವೆ ಎಂದರು.

ಯಾವತ್ತು ಬರುತ್ತದೋ ಎಂದು ಹಾಡಿಯವರು ಪ್ರತಿ ಸಂಜೆ ಬರತೊಡಗಿದರು. ಜೇನು ಕೀಳುವ, ಕಾಡಿನಲ್ಲಿ ಕೂಲಿ ಮಾಡುವ ಜನ. ಅಲ್ಲಿಯವರೆಗೆ ಪಂಚಾಯ್ತಿ ಕಡೆ ತಲೆ ಹಾಕಿದವರಲ್ಲ. ಮೊದಲು ರಸ್ತೆಯಲ್ಲಿ ನಿಂತರು, ಆಮೇಲೆ ಮೆಟ್ಟಿಲಲ್ಲಿ, ಆಮೇಲೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಗಲಿಯ ಮೇಲೆಯೇ ಕೂತರು. ಊರಿನ ಕೆಲವರಿಗೆ ಇದು ಸರಿಬರಲಿಲ್ಲ. ಚೇರ್ಮನ್ನರ ಕಿವಿಗೆ ಹಾಕಿದರು.

ಚೇರ್ಮನ್ನರು ಕೆಟ್ಟವರಲ್ಲ. ಆದರೆ ಊರಿನವರ ಮಾತಿಗೆ ಅಂಜುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಒಂದು ಪ್ರಕಟಣೆ ಬರೆಸಿದರು. ಪಂಚಾಯ್ತಿಗೆ ಮನೆಕಂದಾಯ ಕಟ್ಟುವ ಕುಟುಂಬದವರು ಮಾತ್ರ ಜಗಲಿಯ ಮೇಲೆ ಕುಳಿತು ರೇಡಿಯೋ ಕೇಳತಕ್ಕದ್ದು. ಹಾಡಿಯ ಗುಡಿಸಲುಗಳಿಗೆ ಕಂದಾಯವೇ ಇರಲಿಲ್ಲ. ಯಾವ ಜಾತಿಯ ಹೆಸರೂ ಇಲ್ಲದೆ ಕೆಲಸ ಆಗುತ್ತಿತ್ತು. ಇದು ತಪ್ಪು ಎಂದು ನನಗೆ ಗೊತ್ತಿತ್ತು. ದುಂಡಗಿನ ಅಕ್ಷರದಲ್ಲಿ ಬರೆದು, ಮೊಹರು ಒತ್ತಿ, ರೇಡಿಯೋ ಗೂಡಿನ ಪಕ್ಕದ ಗೋಡೆಗೆ ನಾನೇ ಅಂಟಿಸಿದೆ.

ಸಂಜೆ ಅಕ್ಕಯ್ಯ ಗುಡಿಸಲು ಬಂದವರು ಅದರ ಮುಂದೆ ನಿಂತರು. ಅವರಿಗೆ ಓದು ಬರುತ್ತಿರಲಿಲ್ಲ.

"ಏನಪ್ಪ ಬರ್ದಿರಾದು? ಒಸಿ ಓದ್ ಯೋಳು."

"ಜಗಲಿ ಮೇಲೆ ಎಲೆಅಡಿಕೆ ಉಗೀಬಾರದು ಅಂತ ಅಕ್ಕಯ್ಯ" ಎಂದೆ.

ಯಾಕೆ ಹಾಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಬಾಯಿಗೆ ಅದೇ ಬಂತು.

"ಒಳ್ಳೇದಾಯ್ತು ಬುಡು. ತೊಳ್ಯೋಳು ನಾನೇ ಅಲ್ವ" ಎಂದು ನಕ್ಕರು. ಅಂದು ಎಂದಿನಂತೆ ರೇಡಿಯೋ ಹಾಕಿದರು. ಹಾಡಿಯವರು ಬಂದಾಗ ಚೇರ್ಮನ್ನರ ಕಡೆಯ ಒಬ್ಬ ಕಾಗದ ತೋರಿಸಿ ತಡೆದ. ಅವರು ರಸ್ತೆಯ ಆಚೆ ಹೊಂಗೆ ಮರದ ಕೆಳಗೆ ನಿಂತು, ಕೇಳಿಸಿದಷ್ಟು ಕೇಳಿ ಹೋದರು.

ಮಾರನೆಯ ಸಂಜೆ ಅಕ್ಕಯ್ಯ ಸಂದಿಗೆ ಕೈ ಹಾಕಿದರು. ಬಹಳ ಹೊತ್ತು ಒಳಗೇ ಇಟ್ಟುಕೊಂಡಿದ್ದರು. ಆಮೇಲೆ ಕೈ ಹೊರಗೆ ತೆಗೆದು, "ಗುಂಡಿ ಸಿಗ್ತಿಲ್ಲ ಕಣಪ್ಪ" ಎಂದರು.

ಅದರ ಮಾರನೆಯ ದಿನವೂ ಸಿಗಲಿಲ್ಲ. ಮೂರನೆಯ ದಿನವೂ ಇಲ್ಲ. ನಿಜವೇ ಸುಳ್ಳೇ ಎಂದು ನೋಡಲು ಇನ್ನೊಬ್ಬರ ಕೈ ಅಲ್ಲಿಗೆ ಹೋಗುವಂತಿರಲಿಲ್ಲ. ಲಾಟೀನು ಹಿಡಿದು ಬಗ್ಗಿ ನೋಡಿದರೆ ಕತ್ತಲೆ. ತಂತಿಯ ಕೊಕ್ಕೆ ಮಾಡಿ ಬಿಟ್ಟೆವು, ಅದು ಏನಕ್ಕೂ ಸಿಕ್ಕಲಿಲ್ಲ. ಅಷ್ಟರಲ್ಲಿ ಮೈಸೂರಿನಿಂದ ಕಾಗದ ಬಂತು. ಬರುವ ವಾರ ಇಂಥ ದಿನ ಸಂಜೆ ಚೇರ್ಮನ್ನರ ಮಾತು, ಹಾಡಿಯವರ ಹಾಡು. ಚೇರ್ಮನ್ನರು ಹಂಪಾಪುರದ ನೆಂಟರಿಗೆಲ್ಲ ಹೇಳಿ ಕಳಿಸಿದರು.

ಊರಿನಲ್ಲಿ ಬೇರೆ ಮಾತೇ ಇಲ್ಲವಾಯಿತು. ಸಂಬಳ ಹೆಚ್ಚು ಮಾಡಿಸಿಕೊಳ್ಳಲು ಆಡುತ್ತಿರುವ ನಾಟಕ ಎಂದು ಚೇರ್ಮನ್ನರು ನಂಬಿದ್ದರು. ಹಾಡಿಯವರ ಪರವಾಗಿ ಹಟ ಹಿಡಿದಿದ್ದಾರೆ ಎಂದು ಮೇಷ್ಟರು. ಗೂಡಿನಲ್ಲಿ ಹಾವು ಸೇರಿದೆ ಎಂದು ಹೆಂಗಸರು. ನನ್ನ ಲೆಕ್ಕಾಚಾರ ಇನ್ನೊಂದು. ಅಕ್ಕಯ್ಯನಿಗೂ ಸ್ವಂತ ಮನೆಯಿಲ್ಲ, ಕಂದಾಯವಿಲ್ಲ. ನಾನು ಬರೆದ ಕಾಗದದ ಪ್ರಕಾರ ಅವರೂ ಆ ಜಗಲಿಯ ಮೇಲೆ ಕೂರುವ ಹಾಗಿರಲಿಲ್ಲ. ಅದು ಯಾರಿಂದಲೋ ತಿಳಿದು ನೊಂದಿರಬೇಕು ಎಂದುಕೊಂಡೆ. ಅವರ ಮುಖದಲ್ಲಿ ಮಾತ್ರ ಕೋಪವಾಗಲಿ ಹಟವಾಗಲಿ ಕಾಣಲಿಲ್ಲ. ಎಂದಿನಂತೆ ಗುಡಿಸುತ್ತಿದ್ದರು, ನೀರು ತುಂಬುತ್ತಿದ್ದರು. ನನ್ನ ಎದುರಿಗೆ ಬಂದಾಗ ಕೆಲಸ ನಿಲ್ಲಿಸಿ ಒಂದು ಗಳಿಗೆ ನೋಡುತ್ತಿದ್ದರು. ಏನಕ್ಕಯ್ಯ ಎಂದರೆ, ಏನಿಲ್ಲ ಎನ್ನುತ್ತಿದ್ದರು. ನಾನು ರಿಜಿಸ್ಟರು ತೆರೆದುಕೊಳ್ಳುತ್ತಿದ್ದೆ.

ಒಂಬತ್ತನೆಯ ದಿನ ಕಾರ್ಯಕ್ರಮ. ನಾಲ್ಕು ಗಂಟೆಗೇ ಜಗಲಿ ತುಂಬಿತು. ಶಾಲೆಯಿಂದ ಕುರ್ಚಿ ತಂದು ನೆಂಟರನ್ನು ಕೂರಿಸಿದರು. ಚೇರ್ಮನ್ನರು ಮಗಳ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡಿದ್ದರು. ಹಾಡಿಯವರು ಎಲ್ಲರೂ, ಹಾಡಿದ ಹೆಂಗಸರ ಸಮೇತ, ಹೊಂಗೆ ಮರದ ಕೆಳಗೆ ನಿಂತಿದ್ದರು.

ಚೇರ್ಮನ್ನರು ಅಕ್ಕಯ್ಯನನ್ನು ಕರೆದು, ಇದೊಂದು ದಿನ ಹಾಕಿಕೊಡು, ಆಮೇಲೆ ಏನು ಬೇಕೋ ಕೇಳು ಎಂದರು. ಅಕ್ಕಯ್ಯ ಗೂಡಿನ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತು, ಕೈ ಹಾಕಿದರು. ಅವರ ಭುಜ ನಡುಗಿತು. ಕೈ ಎಲ್ಲಿಯವರೆಗೆ ಹೋಯಿತೋ ಕಾಣಲಿಲ್ಲ. ತಿರುಗಿ, ಇಲ್ಲ ಎಂದು ತಲೆಯಾಡಿಸಿದರು. ಮುಖದ ಮೇಲೆ ಬೆವರು ಇಳಿಯುತ್ತಿತ್ತು.

ಚೇರ್ಮನ್ನರು ದನಿ ಏರಿಸಲಿಲ್ಲ. ನಾಳೆಯಿಂದ ನೀನು ಕೆಲಸಕ್ಕೆ ಬರುವುದು ಬೇಡ ಎಂದರು. ನಾನು ಗೂಡಿನ ಪಕ್ಕದಲ್ಲೇ ನಿಂತಿದ್ದೆ. ಗೋಡೆಯ ಮೇಲಿನ ಕಾಗದ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಈಗ ಅದನ್ನು ಕಿತ್ತರೆ ಅಕ್ಕಯ್ಯ ರೇಡಿಯೋ ಹಾಕುತ್ತಾರೆ ಎಂದು ನನಗೆ ಖಂಡಿತವಾಗಿ ಅನಿಸಿತ್ತು. ಕೈ ಏಳಲಿಲ್ಲ.

ಅಷ್ಟರಲ್ಲಿ ಹಾಡಿಯ ಯಜಮಾನ, ಬಿಳಿ ಗಡ್ಡದ ಸಣ್ಣ ಆಳು, ರಸ್ತೆ ದಾಟಿ ಬಂದು ಮೆಟ್ಟಿಲು ಹತ್ತಿದ. ತಡೆಯಬೇಕಾದವನು ತಡೆಯಲಿಲ್ಲ.

"ಆವಮ್ಮನ ಕೈ ನೋಡ್ರಪ್ಪ ಒಸಿ" ಎಂದ. "ಸೊಪ್ಪು ಅರ್ದು ಕಟ್ಟಿ ಕಟ್ಟಿ ನಂಗೂ ಸಾಕಾಯ್ತು. ಬಾವು ಇಳೀತಿಲ್ಲ. ಆಸ್ಪತ್ರೆಗೆ ವೋಗವ್ವ ಅಂದ್ರೆ ಕೇಳಾಕಿಲ್ಲ."

ಅಕ್ಕಯ್ಯ ಕೈಯನ್ನು ಸೆರಗಿನೊಳಗೆ ಇನ್ನೂ ಒಳಕ್ಕೆ ಎಳೆದುಕೊಂಡರು. ಮೇಷ್ಟರು ಹೋಗಿ ಸೆರಗು ಸರಿಸಿದರು. ಆ ಚಪ್ಪಟೆ ಕೈ ಊದಿ ಮುದ್ದೆಯಾಗಿತ್ತು. ಬೆರಳುಗಳ ನಡುವೆ ಸಂದಿಯೇ ಉಳಿದಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದು ಕೆಂಪು ಗೀಟು ಹರಿದಿತ್ತು. ದಿನಾ ಇಟ್ಟಿಗೆಯ ಅಂಚಿಗೆ ತರಚಿ ತರಚಿ ಆದ ಗಾಯ ಕೀವು ಕಟ್ಟಿಕೊಂಡಿತ್ತು. ಆ ಕೈಯನ್ನು ಈಗತಾನೇ ಆ ಸಂದಿಗೆ ತುರುಕಿ ತೆಗೆದಿದ್ದರು.

ಚೇರ್ಮನ್ನರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ತಮ್ಮ ಮನೆಯ ಗಾಡಿ ಕಟ್ಟಲು ಹೇಳಿದರು. ಸಂಜೆಯ ಬಸ್ಸು ಸಿಗುತ್ತದೆ, ಹೆಗ್ಗಡದೇವನಕೋಟೆ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದರು. ಗಾಡಿ ಹೊರಡುವಾಗ ತಿರುಗಿ ನೋಡಿದೆ. ಚೇರ್ಮನ್ನರೇ ಹಾರೆ ಎತ್ತಿಕೊಂಡು ಗೂಡಿನ ಮುಂದೆ ನಿಂತಿದ್ದರು.

ಹಂಪಾಪುರದವರೆಗೆ ಒಂದು ಗಂಟೆ. ಗಾಡಿ ಕುಲುಕಿದಾಗಲೆಲ್ಲ ಅಕ್ಕಯ್ಯ ಹಲ್ಲು ಕಚ್ಚುತ್ತಿದ್ದರು. ಅವರ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಕುಲುಕು ತಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಂಕಿಯ ಹಾಗೆ ಸುಡುತ್ತಿತ್ತು. ಬಸ್ಸಿನಲ್ಲೂ ಹಾಗೇ ಹಿಡಿದಿದ್ದೆ.

ಡಾಕ್ಟರು ಕೊಯ್ದು ಕೀವು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಮೊಣಕೈವರೆಗೆ ಕೈ ತೆಗೆಯಬೇಕಾಗುತ್ತಿತ್ತು ಎಂದರು. ಬಾವು ಎಷ್ಟು ದಿನದ್ದು ಎಂದು ಕೇಳಿದರು. ನಾಲ್ಕು ದಿನ ಎಂದರು ಅಕ್ಕಯ್ಯ. ನಾನು ಪಕ್ಕದಲ್ಲೇ ಇದ್ದೆ. ನಾಲ್ಕು ದಿನ ಹೇಗಾದೀತು? ಗುಂಡಿ ಸಿಗುತ್ತಿಲ್ಲ ಎನ್ನಲು ತೊಡಗಿ ಒಂಬತ್ತು ದಿನವಾಗಿತ್ತಲ್ಲ.

ಬೆಳಗ್ಗೆ ಜ್ವರ ಇಳಿದಿತ್ತು. ಕಾಫಿ ಕುಡಿಸಿ, ಮೆಲ್ಲಗೆ ಕೇಳಿದೆ. ಬಾವು ನಾಲ್ಕು ದಿನದ್ದಾದರೆ, ಅದಕ್ಕೆ ಹಿಂದಿನ ಐದು ದಿನ?

"ಅದಾ? ಅದು ಬ್ಯಾರೆ" ಎಂದು ಅಕ್ಕಯ್ಯ ಗೋಡೆಯ ಕಡೆ ತಿರುಗಿ ಮಲಗಿದರು.

ಹದಿನೈದು ದಿನದ ಮೇಲೆ ಅವರನ್ನು ಊರಿಗೆ ಕರೆತಂದೆ. ಗೂಡು ಇರಲಿಲ್ಲ. ರೇಡಿಯೋ ಜಗಲಿಯ ನಡುವೆ ಒಂದು ಮೇಜಿನ ಮೇಲಿತ್ತು. ಗುಂಡಿ ಸರಿಯಾಗಿಯೇ ಇತ್ತು, ಯಾರು ಬೇಕಾದರೂ ಎಳೆಯುತ್ತಿದ್ದರು. ಅಂದು ಚೇರ್ಮನ್ನರ ಮಾತು ಬಂದಾಗ, ಯಾರಯ್ಯ ಇವನು ಇಷ್ಟು ಕೀರಲು ದನಿಯವನು ಎಂದು ಅವರೇ ಕೇಳಿದರಂತೆ. ಹಾಡಿಯ ಹೆಂಗಸರ ಹಾಡು ಬಂದಾಗ ಅವರೆಲ್ಲ ಜಗಲಿಯ ಮೇಲೆಯೇ ಇದ್ದರಂತೆ, ಕೂತಿದ್ದರೋ ನಿಂತಿದ್ದರೋ ಎಂಬುದಕ್ಕೆ ಎರಡು ಮಾತು. ಗೋಡೆಯ ಮೇಲೆ ನಾನು ಅಂಟಿಸಿದ್ದ ಕಾಗದ ಕಾಣಲಿಲ್ಲ. ಯಾರು ತೆಗೆದರು ಎಂದು ನಾನು ಕೇಳಲಿಲ್ಲ. ತೆಗೆದದ್ದು ನಾನಲ್ಲ ಎಂಬುದಂತೂ ನಿಜ.

ಅಕ್ಕಯ್ಯ ರೇಡಿಯೋದ ಹತ್ತಿರ ಹೋದರು. ಬಲಗೈಯನ್ನು ಹಿಂದೆ ಚಾಚಿ, ಗುಂಡಿಯನ್ನು ಒಂದು ಸಲ ಎಳೆದು, ಅದು ಮಾತಾಡುವ ಮೊದಲೇ ಒತ್ತಿ, ಕೊಡ ಎತ್ತಿಕೊಂಡು ನೀರಿಗೆ ಹೋದರು. ಸಂತೋಷವೋ ದುಃಖವೋ ನನಗೆ ಗೊತ್ತಾಗಲಿಲ್ಲ.

ಎಡಗೈಯ ಬೆರಳುಗಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಚೇರ್ಮನ್ನರು ಕೆಲಸದ ಮಾತು ಮತ್ತೆ ಎತ್ತಲೇ ಇಲ್ಲ, ಅಕ್ಕಯ್ಯ ಗುಡಿಸುತ್ತಲೇ ಇದ್ದರು. ನನಗೆ ಹುಣಸೂರು ತಾಲ್ಲೂಕಿಗೆ ವರ್ಗವಾಯಿತು. ಹೊರಡುವ ದಿನ ಹೇಳಿಹೋಗಲು ಹಿಂದಿನ ಮಾಡಿಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು, ಅವರು ಹಾಡಿಯ ಕಡೆ ಹೋಗಿದ್ದರು. ಗಾಡಿಯವನು ಅವಸರ ಮಾಡಿದ. ಕೆಲವು ತಿಂಗಳ ಮೇಲೆ ಅವರು ಚುಂಚನಕಟ್ಟೆ ಕಡೆ ತಮ್ಮನ ಮನೆಗೆ ಹೋದರೆಂದು ಕೇಳಿದೆ.

ಆರೇಳು ವರ್ಷ ಕಳೆಯಿತು. ಒಂದು ಬೆಳಗ್ಗೆ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕೂತರು. ಎಡಗೈ ಸೆರಗಿನೊಳಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ನಾನೂ ದಪ್ಪಗಾಗಿದ್ದೆ, ಕನ್ನಡಕ ಬಂದಿತ್ತು. ಅಕ್ಕಯ್ಯ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, ಚುಂಚನಕಟ್ಟೆ ಬಸ್ಸು ಬಂದರೆ ಹೇಳಿ ಸಾಮಿ, ನನಗೆ ಬೋರ್ಡು ಕಾಣುವುದಿಲ್ಲ ಎಂದರು. ನನ್ನ ಗುರುತು ಸಿಕ್ಕಿದಂತಿರಲಿಲ್ಲ. ಸಾಮಿ ಎಂದಮೇಲೆ ನನಗೆ ಹೇಗೆ ಹೇಳಿಕೊಳ್ಳಬೇಕೋ ತಿಳಿಯಲಿಲ್ಲ. ಆಗಲಿ ಎಂದೆ.

ಸ್ಟ್ಯಾಂಡಿನ ಹೋಟೆಲಿನಲ್ಲಿ ರೇಡಿಯೋ ಕೂಗುತ್ತಿತ್ತು. ಅವರು ಅತ್ತ ಮುಖ ತಿರುಗಿಸಿ, ಒಂದು ಕಾಲದಲ್ಲಿ ನಾನೂ ರೇಡಿಯೋ ಹಾಕುತ್ತಿದ್ದೆ ಎಂದರು. ಕೋಟೆ ಕಡೆಯ ಊರು, ಗೂಡು, ಹಿಂದುಗಡೆಯ ಗುಂಡಿ, ಎಲ್ಲ ಹೇಳಿದರು. ನಾನು ಹೊಸದಾಗಿ ಕೇಳುವವನಂತೆ ಕೇಳಿದೆ. ಬಾವು ಬಂದದ್ದರವರೆಗೆ ಬಂದು ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ. ಬಾವು ಬರುವ ಮೊದಲೂ ಹಾಕುವುದನ್ನು ಬಿಟ್ಟಿದ್ದಿರೇ ಎಂದು ಕೇಳಿಬಿಟ್ಟೆ.

ಅವರು ಹೋಟೆಲಿನ ಕಡೆಯಿಂದ ಮುಖವನ್ನು ನನ್ನತ್ತ ತಿರುಗಿಸಿದರು.

"ಅಲ್ಲೊಬ್ಬ ಸೆಕ್ರೆಟ್ರಿ ಹುಡ್ಗ ಇದ್ದ ಸಾಮಿ. ಒಳ್ಳೆಯವ್ನು, ಪುಕ್ಲ. ಗೋಡೆ ಮ್ಯಾಲೆ ಏನೋ ಬರ್ದು ಅಂಟ್ಸಿದ್ದ. ಓದ್ ಯೋಳಪ್ಪ ಅಂದ್ರೆ ಸುಳ್ಳು ಯೋಳ್ದ. ಮೇಷ್ಟ್ರು ಓದಿ ಯೋಳಿದ್ರು ನಿಜ ಏನು ಅಂತ. ಬರ್ದಿದ್ದಕ್ಕೆ ನಂಗೇನೂ ಇಲ್ಲ ಬುಡಿ, ಚೇರ್ಮನ್ರು ಬರಿ ಅಂದ್ರು ಬರ್ದ. ನಂಗ್ಯಾಕೆ ಸುಳ್ಳು ಯೋಳ್ಬೇಕಿತ್ತು? ಅವ್ನೇ ಬಂದು ನಿಜ ಯೋಳ್ತಾನೇನೋ ಅಂತ ಐದು ದಿನ ಕಾದೆ. ಆಮ್ಯಾಕೆ ಕೈ ಊದ್ಕಂತು."

ಈಗಲಾದರೂ ಹೇಳಬಹುದಿತ್ತು. ಎರಡು ಮಾತು ಸಾಕಾಗಿತ್ತು. ಅಷ್ಟರಲ್ಲಿ ಚುಂಚನಕಟ್ಟೆ ಬಸ್ಸು ಬಂತು.

ತೋಳು ಹಿಡಿದು ಬಸ್ಸಿನವರೆಗೆ ಕರೆದೊಯ್ದೆ. ಮೆಟ್ಟಿಲ ಮೇಲೆ ನಿಂತು ಅವರು ತಿರುಗಿದರು, ನಿಮ್ಮದು ಯಾವೂರು ಎಂದು ಕೇಳಿದರು. ಪಿರಿಯಾಪಟ್ಟಣ ಎಂದೆ. ಆ ಹುಡುಗನದೂ ಅದೇ ಊರು ಎಂದರು. ಎಲ್ಲಾದರೂ ಸಿಕ್ಕಿದರೆ, ಅಕ್ಕಯ್ಯನ ಕೈ ಚೆನ್ನಾಗಿದೆ ಎಂದು ಹೇಳಬೇಕೆಂದರು. ಆ ಕೊನೆಯ ಮಾತು ಯೋಳಿ ಸಾಮಿ ಎಂದದ್ದೋ, ಯೋಳಪ್ಪ ಎಂದದ್ದೋ, ಬಸ್ಸು ಹೊರಡುವ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ.

ಹೇಳುತ್ತೇನೆ ಎಂದೆ.